ಸಂಜೆ ಚೆನ್ನಾಗಿದ್ದವರು ರಾತ್ರಿ ಹದಗೆಟ್ಟಾಗ ಆಸ್ಪತ್ರೆಯಲ್ಲಿ ಏನಾಗುತ್ತದೆ, ಏನಾಗಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಾರ್ಡ್ ನರ್ಸ್. ಹದಿನಾಲ್ಕು ವರ್ಷದಿಂದ ಮೆಡಿಕಲ್ ವಾರ್ಡು, ಸರ್ಜರಿ ವಾರ್ಡುಗಳಲ್ಲೇ ಕೆಲಸ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ನೈಟ್ ಡ್ಯೂಟಿ. ರೋಗಿಯ ಜೊತೆ ಉಳಿದುಕೊಳ್ಳುವ ಮನೆಯವರು, ಅಂದರೆ ನಾವು ಅಟೆಂಡರ್ ಅಂತ ಕರೆಯುವವರು, ಕಾರಿಡಾರಿನಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆಗಳು ಇವು. ಅಲ್ಲಿ ನಿಂತ ನಿಲುವಿನಲ್ಲಿ ಎರಡು ಮಾತು ಹೇಳಿ ಓಡಬೇಕಾಗುತ್ತದೆ. ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ನಿಮ್ಮ ರೋಗಿಯ ವಿಷಯದಲ್ಲಿ ಕೊನೆಯ ಮಾತು ಅಲ್ಲಿರುವ ಡಾಕ್ಟರದ್ದೇ, ಅದು ನೆನಪಿರಲಿ.

"ಸಂಜೆ ಊಟ ಮಾಡಿದ್ರು, ಮಾತಾಡಿದ್ರು. ಬೆಳಗಿನ ಜಾವ ಇದ್ದಕ್ಕಿದ್ದಂತೆ ಐಸಿಯುಗೆ ಹಾಕಿದ್ರು." ನಿಜವಾಗಿಯೂ ಇದ್ದಕ್ಕಿದ್ದಂತೆ ಹೀಗಾಗುತ್ತಾ?

ಕೆಲವೊಮ್ಮೆ ಆಗುತ್ತದೆ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ, ಹೃದಯದ ಲಯ ತಟ್ಟನೆ ತಪ್ಪಿದರೆ, ನಿಮಿಷಗಳಲ್ಲಿ ಎಲ್ಲ ಬದಲಾಗಬಹುದು. ಆದರೆ ಬಹಳಷ್ಟು ಸಲ ದೇಹ ಗಂಟೆಗಟ್ಟಲೆ ಮುಂಚೆಯೇ ಹೇಳುತ್ತಿರುತ್ತದೆ. ಅಮೆರಿಕದ ಮಯಾಮಿಯ ಆಸ್ಪತ್ರೆಯೊಂದರಲ್ಲಿ ಎದೆಬಡಿತ ನಿಂತ 64 ರೋಗಿಗಳ ಕೇಸ್ ಶೀಟುಗಳನ್ನು ಹಿಂದಕ್ಕೆ ತಿರುವಿ ನೋಡಿದರು. 1990ರಲ್ಲಿ ಅದು ಪ್ರಕಟವಾಯಿತು. 64 ಜನರಲ್ಲಿ 54 ಜನರಿಗೆ, ಅಂದರೆ ನೂರಕ್ಕೆ 84 ಮಂದಿಗೆ, ಎದೆಬಡಿತ ನಿಲ್ಲುವ ಮುಂಚಿನ ಎಂಟು ಗಂಟೆಗಳಲ್ಲೇ ಏನೋ ಕೆಡುತ್ತಿದೆ ಅನ್ನುವ ಗುರುತು ಶೀಟಿನಲ್ಲಿ ಬರೆದಿತ್ತು. ಹೆಚ್ಚಿನವರಲ್ಲಿ ಕೆಟ್ಟದ್ದು ಉಸಿರು, ಇಲ್ಲವೇ ಎಚ್ಚರ.

ಬರೆದಿತ್ತು, ನೋಡಿ. ಯಾರೋ ನೋಡಿದ್ದರು, ಬರೆದಿದ್ದರು. ಮುಂದಕ್ಕೆ ಹೋಗಿರಲಿಲ್ಲ. ನೋಡುವುದು, ಅದರ ಅರ್ಥ ಹಿಡಿಯುವುದು, ಹೇಳಬೇಕಾದವರಿಗೆ ಹೇಳುವುದು, ಅವರು ಬಂದು ಕೈ ಹಾಕುವುದು, ಈ ನಾಲ್ಕರಲ್ಲಿ ಒಂದು ಕೊಂಡಿ ಕಳಚಿದರೂ ರೋಗಿ ಕೈ ತಪ್ಪುತ್ತಾರೆ.

ಬಿಪಿ ನಾರ್ಮಲ್ ಇದೆ ಅಂದ್ರಲ್ಲ, ಅಷ್ಟು ಸಾಕಲ್ವಾ?

ಸಾಲದು. ಬಿಪಿ ಬೀಳುವುದು ಬಹಳ ತಡವಾಗಿ. ಒಳಗೆ ಸೋಂಕು ಹರಡುತ್ತಿರಲಿ, ರಕ್ತ ಸೋರುತ್ತಿರಲಿ, ದೇಹ ಮೊದಲು ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಎದೆ ಜೋರಾಗಿ ಬಡಿಯುತ್ತದೆ, ಉಸಿರು ಜಾಸ್ತಿಯಾಗುತ್ತದೆ, ಹೇಗೋ ಮಾಡಿ ಬಿಪಿಯನ್ನು ಹಿಡಿದು ನಿಲ್ಲಿಸುತ್ತದೆ. ಸಾಲ ಮಾಡಿ ಮನೆ ನಡೆಸಿದ ಹಾಗೆ. ಹೊರಗಿನಿಂದ ನೋಡಿದವರಿಗೆ ಒಲೆ ಉರಿಯುತ್ತಿದೆ, ಮಕ್ಕಳು ಸ್ಕೂಲಿಗೆ ಹೋಗುತ್ತಿವೆ, ಎಲ್ಲ ಸರಿ ಇದೆ. ಇನ್ನು ಸಾಲ ಹುಟ್ಟುವುದಿಲ್ಲ ಅನ್ನುವ ದಿನ ಎಲ್ಲ ಒಟ್ಟಿಗೇ ಕುಸಿಯುತ್ತದೆ. ವಯಸ್ಸು ಕಮ್ಮಿ ಇದ್ದಷ್ಟೂ ಈ ಹಿಡಿತ ಗಟ್ಟಿ, ಅದಕ್ಕೇ ಮೋಸ ಹೋಗುವುದೂ ಜಾಸ್ತಿ.

ಇನ್ನೊಂದು ವಿಷಯ. ನಾರ್ಮಲ್ ಅನ್ನುವುದು ಎಲ್ಲರಿಗೂ ಒಂದೇ ಅಲ್ಲ. ಮನೆಯಲ್ಲಿ ಯಾವಾಗಲೂ 160 ಇರುವ ಬಿಪಿ ಪೇಷೆಂಟಿಗೆ ಇವತ್ತು 110 ಬಂದರೆ ಅದು ಖುಷಿ ಪಡುವ ವಿಷಯವಲ್ಲ. ಆ 160 ನಮಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರುತ್ತದೆ. ದಯವಿಟ್ಟು ಹೇಳಿ.

ನರ್ಸ್ ಬಂದು ಏನೇನು ನೋಡ್ತಾರೆ? ಅಂಕ ಹಾಕ್ತಾರೆ ಅಂತಾರಲ್ಲ, ಏನದು?

ಆರು ವಿಷಯ ನೋಡುತ್ತೇವೆ. ನಿಮಿಷಕ್ಕೆ ಎಷ್ಟು ಉಸಿರು, ರಕ್ತದಲ್ಲಿ ಆಕ್ಸಿಜನ್ ಎಷ್ಟು, ಮೇಲಿನ ಬಿಪಿ ಎಷ್ಟು, ನಾಡಿ ಎಷ್ಟು, ಜ್ವರ ಎಷ್ಟು, ರೋಗಿ ಎಚ್ಚರವಾಗಿ ಸರಿಯಾಗಿ ಮಾತಾಡುತ್ತಿದ್ದಾರಾ. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಸರಿ ಇದ್ದರೆ 0, ದೂರ ಹೋದಷ್ಟೂ ಜಾಸ್ತಿ. ಆಕ್ಸಿಜನ್ ಹಾಕಿದ್ದರೆ ಅದಕ್ಕೇ ಬೇರೆ 2 ಅಂಕ. ಎಲ್ಲ ಕೂಡಿಸಬೇಕು. ಇಂಥ ಅಂಕದ ಪದ್ಧತಿ 1997ರಲ್ಲಿ ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನ ಒಂದು ಆಸ್ಪತ್ರೆಯಲ್ಲಿ ಹುಟ್ಟಿತು. ಈಗ ಜಾಸ್ತಿ ಬಳಕೆಯಲ್ಲಿರುವುದು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ಪಟ್ಟಿ. ಅದನ್ನು ನ್ಯೂಸ್, ಅಂದರೆ ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್, ಅಂತ ಕರೆಯುತ್ತಾರೆ, ತಿದ್ದಿದ್ದು ನ್ಯೂಸ್ 2. ನಮ್ಮ ಕಡೆಯೂ ಸುಮಾರು ಆಸ್ಪತ್ರೆಗಳು ಇದನ್ನೋ ಇದರ ಹಾಗೇ ಇರುವ ಇನ್ನೊಂದನ್ನೋ ಬಳಸುತ್ತವೆ.

ಸುಮ್ನೆ ಹೇಳಿದರೆ ಅರ್ಥವಾಗುವುದಿಲ್ಲ, ಒಂದು ಲೆಕ್ಕ ಮಾಡೋಣ. ಹರ್ನಿಯಾ ಆಪರೇಷನ್ ಆದ ಒಬ್ಬರು ಅಂದುಕೊಳ್ಳಿ. ಸಂಜೆ ಆರಕ್ಕೆ ಉಸಿರು 18, ಆಕ್ಸಿಜನ್ 97, ಮೇಲಿನ ಬಿಪಿ 124, ನಾಡಿ 88, ಜ್ವರ 99 ಡಿಗ್ರಿ, ಮಾತು ಸರಿಯಾಗಿದೆ. ಒಟ್ಟು 0. ರಾತ್ರಿ ಹತ್ತಕ್ಕೆ ಉಸಿರು 22, ಅದಕ್ಕೆ 2 ಅಂಕ. ಆಕ್ಸಿಜನ್ 95, ಅದಕ್ಕೆ 1. ಬಿಪಿ 112, ಅದು ಇನ್ನೂ 0. ನಾಡಿ 104, ಅದಕ್ಕೆ 1. ಜ್ವರ 101, ಅದಕ್ಕೆ 1. ಒಟ್ಟು 5. ಒಂದೊಂದನ್ನೇ ನೋಡಿದರೆ ಯಾವುದೂ ಹೆದರಿಸುವ ಹಾಗಿಲ್ಲ, ಅಲ್ವಾ? "ಸ್ವಲ್ಪ ಜ್ವರ ಇದೆ, ಮಾತ್ರೆ ಕೊಡಿ" ಅಂದುಬಿಡಬಹುದು. ಆದರೆ 5 ಬಂದರೆ ಡಾಕ್ಟರ್ ಬೇಗ ಬಂದು ನೋಡಲೇಬೇಕು. ಬರಲಿಲ್ಲ ಅಂತಿಟ್ಟುಕೊಳ್ಳಿ. ರಾತ್ರಿ ಎರಡಕ್ಕೆ ಉಸಿರು 26, ಎರಡು ಲೀಟರ್ ಆಕ್ಸಿಜನ್ ಹಾಕಿದರೂ 93, ಬಿಪಿ 98, ನಾಡಿ 118, ಜ್ವರ ಅಷ್ಟೇ, ಮಾತು ತಡಬಡ. ಒಟ್ಟು 15. ಹತ್ತು ಗಂಟೆಗೆ ಡ್ರಿಪ್ಪು, ಆಂಟಿಬಯೋಟಿಕ್ಕು, ಒಂದು ಸ್ಕ್ಯಾನಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಎರಡು ಗಂಟೆಗೆ ವೆಂಟಿಲೇಟರ್‌ವರೆಗೆ ಬಂದಿರುತ್ತದೆ.

ಅಂಕ ಬರೀ ಡಾಕ್ಟರನ್ನು ಕರೆಯಲಿಕ್ಕೆ ಮಾತ್ರ ಅಲ್ಲ. ಮತ್ತೆ ಯಾವಾಗ ನೋಡಬೇಕು ಅನ್ನುವುದನ್ನೂ ಅದೇ ಹೇಳುತ್ತದೆ. 0 ಇದ್ದರೆ 12 ಗಂಟೆಗೊಮ್ಮೆ ಸಾಕು. 1ರಿಂದ 4 ಇದ್ದರೆ ನಾಲ್ಕರಿಂದ ಆರು ಗಂಟೆಗೊಮ್ಮೆ. 5 ಮುಟ್ಟಿದರೆ, ಇಲ್ಲವೇ ಯಾವುದೋ ಒಂದರಲ್ಲೇ 3 ಬಂದರೆ, ಕಮ್ಮಿ ಅಂದರೂ ಗಂಟೆಗೊಮ್ಮೆ. 7 ಮತ್ತು ಅದಕ್ಕಿಂತ ಜಾಸ್ತಿ ಆದರೆ ಮಾನಿಟರ್ ಹಾಕಿ ಬಿಡದೆ ನೋಡುತ್ತಿರಬೇಕು. ಹದಿನಾರು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಈ ಪಟ್ಟಿ ಬಳಸಬಾರದು.

ಇಷ್ಟರಲ್ಲಿ ಮೊದಲು ಕೆಡುವುದು ಯಾವುದು?

ಉಸಿರು. ಬಹಳ ಸಲ ಅದೇ ಮೊದಲು. ಅದನ್ನೇ ನಾವು ಎಲ್ಲಕ್ಕಿಂತ ಕಮ್ಮಿ ನೋಡುತ್ತೇವೆ.

ಬಿಪಿಗೆ ಮೆಷಿನ್ ಇದೆ, ಆಕ್ಸಿಜನ್‌ಗೆ ಬೆರಳಿಗೆ ಹಾಕುವ ಕ್ಲಿಪ್ ಇದೆ. ವಾರ್ಡಿನಲ್ಲಿ ಉಸಿರು ಎಣಿಸಲು ಗಡಿಯಾರ ಹಿಡಿದು ಎದೆ ನೋಡುತ್ತಾ ನಿಲ್ಲಬೇಕು, ಒಂದು ನಿಮಿಷ ಪೂರ್ತಿ. ಮೂವತ್ತು ರೋಗಿಗಳಿಗೆ ಮೂವತ್ತು ನಿಮಿಷ. ಹಾಗಾಗಿ ಏನಾಗುತ್ತದೆ ಅಂದರೆ, ಯಾವ ವಾರ್ಡಿನ ಚಾರ್ಟು ಬೇಕಾದರೂ ತೆಗೆದು ನೋಡಿ, ಆ ಕಾಲಂನಲ್ಲಿ 20, 20, 18, 20 ಅಂತ ಇರುತ್ತದೆ. ಅಷ್ಟೂ ಜನ ಒಂದೇ ಲೆಕ್ಕದಲ್ಲಿ ಉಸಿರಾಡುವುದಿಲ್ಲ.

ನಾನೂ ಹಾಗೆ ಬರೆದಿದ್ದೇನೆ. ಕೆಲಸಕ್ಕೆ ಸೇರಿ ಮೂರನೇ ವರ್ಷ, ಆಗ ಇದ್ದ ಆಸ್ಪತ್ರೆ ಬೇರೆ. ಪಿತ್ತಕೋಶದ ಆಪರೇಷನ್ ಆಗಿ ಎರಡನೇ ರಾತ್ರಿ, ಐವತ್ತರ ಆಸುಪಾಸಿನ ಒಬ್ಬರು. ಹನ್ನೊಂದೂವರೆಗೆ ಅವರ ಹೆಂಡತಿ ನರ್ಸಿಂಗ್ ಸ್ಟೇಷನ್ ಹತ್ತಿರ ಬಂದರು. "ಸಿಸ್ಟರ್, ಇವ್ರು ನನ್ನನ್ನ ಅವ್ರ ತಂಗಿ ಹೆಸರು ಹಿಡಿದು ಕರೀತಿದಾರೆ" ಅಂದರು. ನೋವಿನ ಇಂಜೆಕ್ಷನ್ ಕೊಟ್ಟಿದ್ದೆವು. "ಮಂಪರು ಅಮ್ಮ, ನಿದ್ದೆ ಮಾಡಲಿ ಬಿಡಿ" ಅಂದೆ. ಬಿಪಿ ನೋಡಿದೆ, ಚೆನ್ನಾಗಿತ್ತು. ಚಾರ್ಟಿನಲ್ಲಿ ಬೆಳಗ್ಗೆಯಿಂದ ಉಸಿರು 20, 20, 20 ಅಂತ ಇತ್ತು. ಅದರ ಕೆಳಗೆ ನಾನೂ 20 ಬರೆದೆ. ನೀಲಿ ಪೆನ್ನು, ನನ್ನ ಕೈಬರಹ, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಕ್ಕಾಲು ಗಂಟೆ ಬಿಟ್ಟು ಆಕೆ ಮತ್ತೆ ಬಂದರು, ಈ ಸಲ ಮಾತಾಡಲಿಲ್ಲ, ಸುಮ್ನೆ ನಿಂತರು. ಹೋಗಿ ನಿಜವಾಗಿ ಎಣಿಸಿದೆ. 32 ಬಂತು. ಪಿತ್ತ ಹೊಟ್ಟೆಯೊಳಗೆ ಸೋರಿ ಸೋಂಕಾಗಿತ್ತು. ಐಸಿಯು, ಮತ್ತೊಂದು ಆಪರೇಷನ್, ಮೂರು ವಾರ. ಬದುಕಿದರು. ಡಿಸ್ಚಾರ್ಜ್ ದಿನ ಆಕೆ ನನಗೆ ಕೈ ಮುಗಿದರು, ನನಗೆ ಮುಖ ಎತ್ತಿ ನೋಡಲಾಗಲಿಲ್ಲ. ಅವತ್ತಿನಿಂದ ಎಣಿಸದೆ ಬರೆದಿಲ್ಲ.

ನೀವೂ ಎಣಿಸಬಹುದು. ರೋಗಿ ಸುಮ್ಮನೆ ಮಲಗಿದ್ದಾಗ, ಅವರಿಗೆ ಹೇಳದೆ. ಹೇಳಿದರೆ ಉಸಿರಿನ ಲಯ ಬದಲಾಗಿಬಿಡುತ್ತದೆ. ಎದೆಯೋ ಹೊಟ್ಟೆಯೋ ಒಮ್ಮೆ ಮೇಲೆದ್ದು ಇಳಿದರೆ ಒಂದು. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಳ್ಳಿ. ದೊಡ್ಡವರಿಗೆ 12ರಿಂದ 20 ಸರಿ. 21ರಿಂದ 24 ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿ, ಹಾಗೇ ಇದ್ದರೆ ನರ್ಸಿಗೆ ಹೇಳಿ. 25 ಮುಟ್ಟಿದರೆ ಕಾಯಬೇಡಿ. 8 ಅಥವಾ ಅದಕ್ಕಿಂತ ಕಮ್ಮಿ ಬಂದರೂ ಅಷ್ಟೇ, ತಕ್ಷಣ ಕರೆಯಿರಿ. ನೋವಿನ ಇಂಜೆಕ್ಷನ್ ಕೊಟ್ಟವರಲ್ಲಿ ಇದು ಮುಖ್ಯ.

ಬೆರಳಿನ ಮೀಟರ್‌ನಲ್ಲಿ 97 ತೋರಿಸ್ತಿದೆ. ಮತ್ತೆ ಏಕೆ ಆತಂಕ?

ಕೋವಿಡ್ ಬಂದು ಹೋದ ಮೇಲೆ ಆಕ್ಸಿಮೀಟರ್ ಇಲ್ಲದ ಮನೆ ಕಮ್ಮಿ. 94 ಅನ್ನುವ ಸಂಖ್ಯೆ ಹಳ್ಳಿಯ ಅಜ್ಜಿಗೂ ಬಾಯಿಪಾಠ. ಅದರಿಂದ ಎಷ್ಟೋ ಜೀವ ಉಳಿದಿದೆ. ಆದರೆ ಅದು ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಹೇಳುತ್ತದೆಯೇ ಹೊರತು, ಅಷ್ಟನ್ನು ಕಾಪಾಡಿಕೊಳ್ಳಲು ದೇಹ ಎಷ್ಟು ಒದ್ದಾಡುತ್ತಿದೆ ಅಂತ ಹೇಳುವುದಿಲ್ಲ. ನಿಮಿಷಕ್ಕೆ 30 ಸಲ ಉಸಿರಾಡಿ 97 ಇಟ್ಟುಕೊಂಡಿರುವವರು ಚೆನ್ನಾಗಿಲ್ಲ. ಆಕ್ಸಿಜನ್ ಹಾಕಿ 97 ಬಂದಿದ್ದರೆ ಅದೂ ಬೇರೆಯೇ 97. ನಿನ್ನೆ ಎರಡು ಲೀಟರ್‌ನಲ್ಲಿ ಇತ್ತು, ಇವತ್ತು ಆರು ಲೀಟರ್‌ನಲ್ಲಿ ಇದೆ ಅಂದರೆ ಸಂಖ್ಯೆ ಅದೇ ಇದ್ದರೂ ರೋಗಿ ಕೆಳಗಿಳಿದಿದ್ದಾರೆ.

ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಮೀಟರ್ ತಪ್ಪು ತೋರಿಸಬಹುದು. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸುವ ಸಂಭವ ಇದೆ ಅಂತ 2020ರಲ್ಲಿ ಅಮೆರಿಕದ ಒಂದು ಅಧ್ಯಯನ ಎತ್ತಿ ತೋರಿಸಿತು. ನಮ್ಮ ಜನಕ್ಕೆ ಇದು ಗೊತ್ತಿರಬೇಕಾದ ವಿಷಯ. ಬೀಡಿ ಸಿಗರೇಟು ಸೇದಿ ಶ್ವಾಸಕೋಶ ಹಾಳಾದ ಕೆಲವರಿಗೆ ಡಾಕ್ಟರ್ 88ರಿಂದ 92 ಸಾಕು ಅಂತ ಬರೆದಿರುತ್ತಾರೆ. ಅಂಥವರಿಗೆ ಮನೆಯವರು ಪ್ರೀತಿಯಿಂದ ಆಕ್ಸಿಜನ್ ಜಾಸ್ತಿ ತಿರುಗಿಸಿಬಿಡುವುದು ಅಪಾಯ.

ಅಂಕ ಜಾಸ್ತಿ ಬಂತು. ಆಮೇಲೆ ಏನಾಗಬೇಕು?

ನರ್ಸ್ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಹೇಗೆ ಹೇಳಬೇಕು ಅನ್ನುವುದಕ್ಕೂ ನಮಗೆ ಒಂದು ಕ್ರಮ ಕಲಿಸುತ್ತಾರೆ. ಈಗ ಏನಾಗುತ್ತಿದೆ, ಇವರು ಯಾಕೆ ಸೇರಿದ್ದರು, ನನಗೆ ಏನು ಅನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು. ಇದು ಮೂಲದಲ್ಲಿ ಅಮೆರಿಕದ ನೌಕಾಪಡೆಯ ಸಬ್‌ಮರೀನುಗಳಿಂದ ಬಂದದ್ದು. "ಸರ್, 14ನೇ ಬೆಡ್ ಪೇಷೆಂಟ್ ಯಾಕೋ ಸರಿ ಇಲ್ಲ" ಅಂದರೆ ನಿದ್ದೆಗಣ್ಣಿನ ಡಾಕ್ಟರ್ "ನೋಡ್ತಾ ಇರಿ" ಅನ್ನಬಹುದು. "ಉಸಿರು 26, ಬಿಪಿ ಸಂಜೆಯಿಂದ ಮೂವತ್ತು ಇಳಿದಿದೆ, ಸೋಂಕಿನ ಅನುಮಾನ, ಹತ್ತು ನಿಮಿಷದಲ್ಲಿ ಬನ್ನಿ" ಅಂದರೆ ಎದ್ದು ಬರುತ್ತಾರೆ.

ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೇ ಒಂದು ತಂಡ ಇರುತ್ತದೆ, ರ‍್ಯಾಪಿಡ್ ರೆಸ್ಪಾನ್ಸ್ ಟೀಮ್ ಅಂತ. ಐಸಿಯು ಡಾಕ್ಟರ್, ಐಸಿಯು ನರ್ಸ್, ಕೆಲವು ಕಡೆ ಉಸಿರಾಟದ ಥೆರಪಿಸ್ಟ್. ಐಸಿಯುನ ಕೌಶಲವೇ ಎದ್ದು ವಾರ್ಡಿಗೆ ಬರುತ್ತದೆ. ಇದು ಶುರುವಾಗಿದ್ದು ಆಸ್ಟ್ರೇಲಿಯಾದಲ್ಲಿ, ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ, 1990ರಲ್ಲಿ. ಕೆನ್ ಹಿಲ್‌ಮನ್ ಅನ್ನುವ ಡಾಕ್ಟರ್ ಮತ್ತು ಅವರ ಜೊತೆಯವರು ಕೇಳಿದ ಪ್ರಶ್ನೆ ಸರಳ: ಎದೆಬಡಿತ ನಿಂತ ಮೇಲೆ ಓಡಿ ಬರುವ ತಂಡ ಇದೆ, ನಿಲ್ಲುವ ಮೊದಲೇ ಯಾಕೆ ಬರಬಾರದು?

ಕೋಡ್ ಬ್ಲೂ ಅಂತ ಮೈಕಿನಲ್ಲಿ ಕೂಗುವುದು ಕೇಳಿರುತ್ತೀರಿ. ಅದು ಉಸಿರೋ ಎದೆಬಡಿತವೋ ನಿಂತ ಮೇಲೆ. ಈ ತಂಡ ಅದಕ್ಕೂ ಮುಂಚೆ. ವ್ಯತ್ಯಾಸ ಸಣ್ಣದಲ್ಲ. ಅಮೆರಿಕದಲ್ಲೂ ಆಸ್ಪತ್ರೆಯೊಳಗೇ ಎದೆಬಡಿತ ನಿಂತವರಲ್ಲಿ ಬದುಕಿ ಮನೆಗೆ ಹೋಗುವವರು ನಾಲ್ವರಲ್ಲಿ ಒಬ್ಬರ ಆಸುಪಾಸು.

ಈ ತಂಡಗಳಿಂದ ನಿಜವಾಗಿ ಪ್ರಯೋಜನ ಇದೆಯಾ ಅಂತ ಕೇಳಿದರೆ, ಮೊದಲ ಉತ್ತರ ನಿರಾಸೆಯದ್ದೇ. ಆಸ್ಟ್ರೇಲಿಯಾದ 23 ಆಸ್ಪತ್ರೆಗಳಲ್ಲಿ ದೊಡ್ಡ ಪರೀಕ್ಷೆ ಮಾಡಿದರು, 2005ರಲ್ಲಿ ಫಲಿತಾಂಶ ಬಂತು, ತಂಡ ಇದ್ದ ಕಡೆಗೂ ಇಲ್ಲದ ಕಡೆಗೂ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಆದರೆ ತಂಡ ಇದ್ದ ಕಡೆಯೂ ಕರೆಯಬೇಕಾದ ಎಷ್ಟೋ ರೋಗಿಗಳಿಗೆ ಯಾರೂ ತಂಡವನ್ನು ಕರೆದೇ ಇರಲಿಲ್ಲ. ಆಮೇಲೆ ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಎದೆಬಡಿತ ನಿಲ್ಲುವುದು ಕಮ್ಮಿಯಾಗಿದೆ, ಸಾವೂ ಕಮ್ಮಿಯಾಗಿದೆ ಅಂತ ಕಂಡಿದೆ. ನನ್ನ ಅನುಭವವೂ ಅದೇ ಹೇಳುತ್ತದೆ. ತಂಡ ಇದ್ದರೆ ಸಾಲದು, ಕರೆಯುವ ನರ್ಸಿಗೆ "ಇಷ್ಟಕ್ಕೆಲ್ಲ ಕರೆದ್ರಾ?" ಅಂತ ಯಾರೂ ಗದರಬಾರದು. ಒಂದು ಸಲ ಗದರಿದರೆ ಆಕೆ ಮುಂದಿನ ಸಲ ಅರ್ಧ ಗಂಟೆ ತಡವಾಗಿ ಕರೆಯುತ್ತಾಳೆ.

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಒಬ್ಬರೇ ಡಾಕ್ಟರ್. ಅಲ್ಲಿ ಏನು ಮಾಡೋದು?

ಅಲ್ಲಿ ಬೇಗ ಗುರುತಿಸುವುದು ಇನ್ನೂ ಜಾಸ್ತಿ ಮುಖ್ಯ. ಯಾಕೆಂದರೆ ಐಸಿಯು ಲಿಫ್ಟಿನಲ್ಲಿ ಎರಡು ಮಹಡಿ ದೂರವಲ್ಲ, ಅಂಬುಲೆನ್ಸಿನಲ್ಲಿ ಎರಡು ಗಂಟೆ ದೂರ. ಪೂರ್ತಿ ಕೆಟ್ಟ ಮೇಲೆ ಹೊರಟರೆ ದಾರಿಯಲ್ಲೇ ಏನಾದರೂ ಆಗಬಹುದು. "ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ" ಅಂತ ಡಾಕ್ಟರ್ ಅಂದಾಗ ಬಹಳ ಮನೆಯವರು "ಬೆಳಗಾಗಲಿ, ಅಣ್ಣ ಬರಲಿ" ಅಂತ ಕಾಯುತ್ತಾರೆ. ಕಾಯಬೇಡಿ. 108 ಅಂಬುಲೆನ್ಸ್ ಉಚಿತ, ಕರ್ನಾಟಕದಲ್ಲಿ 2008ರ ನವೆಂಬರ್ 1ರಿಂದ ಇದೆ. ಹೊರಡುವ ಮುಂಚೆ ಮೂರು ಮಾತು ಕೇಳಿ: ಕೈಗೆ ಸೂಜಿ ಹಾಕಿ ಲೈನ್ ಇಟ್ಟಿದ್ದಾರಾ, ದಾರಿಗೆ ಆಕ್ಸಿಜನ್ ಇದೆಯಾ, ಏನೇನು ಔಷಧ ಎಷ್ಟು ಗಂಟೆಗೆ ಕೊಟ್ಟರು ಅಂತ ರೆಫರಲ್ ಚೀಟಿಯಲ್ಲಿ ಬರೆದಿದ್ದಾರಾ. ಹೋಗುವ ಕಡೆ ಬೆಡ್ ಇದೆಯಾ ಅಂತ ಇಲ್ಲಿಂದಲೇ ಫೋನ್ ಮಾಡಿಸಿದರೆ ಇನ್ನೂ ಒಳ್ಳೆಯದು.

ಯಾಕೋ ಸರಿ ಇಲ್ಲ ಅನ್ನಿಸ್ತಿದೆ. ಆದರೆ ಪದೇ ಪದೇ ಹೋಗಿ ಹೇಳಿದರೆ ಬೈತಾರೇನೋ ಅಂತ ಭಯ.

ಹೇಳಿ. ಬೈದರೂ ಹೇಳಿ. ನಾನು ಆ ರೋಗಿಯನ್ನು ನೋಡಿ ಎರಡು ದಿನ ಆಗಿರುತ್ತದೆ, ನೀವು ಮೂವತ್ತು ವರ್ಷ ನೋಡಿರುತ್ತೀರಿ. "ಇವರು ಹೀಗೆ ಇರೋರಲ್ಲ" ಅನ್ನುವ ಒಂದು ಮಾತು ಯಾವ ಮೆಷಿನ್ನೂ ಕೊಡುವುದಿಲ್ಲ.

ಇದನ್ನು ಬೆಲೆ ತೆತ್ತು ಕಲಿತ ದೇಶಗಳಿವೆ. ಇಂಗ್ಲೆಂಡಿನ ಮಾರ್ಥಾ ಮಿಲ್ಸ್‌ಗೆ 13 ವರ್ಷ. ಸೈಕಲ್ಲಿನಿಂದ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟಾಗಿ ಲಂಡನ್ನಿನ ದೊಡ್ಡ ಆಸ್ಪತ್ರೆ ಸೇರಿದಳು. ಸೋಂಕು ರಕ್ತಕ್ಕೇರಿತು. ಅಪ್ಪ ಅಮ್ಮ ಆತಂಕ ಹೇಳಿಕೊಂಡರು, ಐಸಿಯುಗೆ ಸಕಾಲಕ್ಕೆ ಹೋಗಲಿಲ್ಲ. 2021ರ ಆಗಸ್ಟ್ 31ರಂದು ಹುಡುಗಿ ತೀರಿಕೊಂಡಳು. ಮುಂಚೆಯೇ ಐಸಿಯುಗೆ ಕಳಿಸಿದ್ದರೆ ಬದುಕುವ ಸಾಧ್ಯತೆ ಹೆಚ್ಚಿತ್ತು ಅಂತ ಸಾವಿನ ವಿಚಾರಣೆ ಹೇಳಿತು. ಅವಳ ಅಮ್ಮ ಮೆರೋಪ್ ಮಿಲ್ಸ್ ಬಿಡದೆ ಹೋರಾಡಿದರು. 2024ರಿಂದ ಅಲ್ಲಿ ಮಾರ್ಥಾ ನಿಯಮ ಜಾರಿಗೆ ಬಂತು, ಮೊದಲ ಹಂತದಲ್ಲಿ 143 ಆಸ್ಪತ್ರೆಗಳಲ್ಲಿ. ಮನೆಯವರು ಹಗಲು ರಾತ್ರಿ ಯಾವಾಗ ಬೇಕಾದರೂ ಬೇರೆ ತಂಡದಿಂದ ತಕ್ಷಣ ಇನ್ನೊಮ್ಮೆ ತಪಾಸಣೆ ಕೇಳಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇಂಥದ್ದೇ ರಯಾನ್ ನಿಯಮ 2013ರಿಂದ ಇದೆ. ಇನ್ನೂ ಮೂರು ತುಂಬದ ರಯಾನ್ ಸಾಂಡರ್ಸ್ 2007ರಲ್ಲಿ ತೀರಿಕೊಂಡ, ಅವನ ಅಪ್ಪ ಅಮ್ಮನ ಮಾತಿಗೂ ಸಕಾಲಕ್ಕೆ ಬೆಲೆ ಸಿಕ್ಕಿರಲಿಲ್ಲ. ನಮ್ಮ ಆಸ್ಪತ್ರೆಗಳಲ್ಲೂ ಇಂಥದ್ದೊಂದು ನಂಬರು ಪ್ರತಿ ಬೆಡ್ಡಿನ ಪಕ್ಕದ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಬೇಕು ಅನ್ನುವುದು ನನ್ನ ಆಸೆ.

ಹೇಗೆ ಹೇಳಬೇಕು ಅಂದರೆ, ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ, ಯಾವಾಗಿನಿಂದ. "ಸಿಸ್ಟರ್, ಬೆಡ್ 14. ಸಂಜೆ ಕೂತ್ಕೊಂಡು ಕಾಫಿ ಕುಡಿದ್ರು. ಎಂಟು ಗಂಟೆಯಿಂದ ಕರೆದ್ರೆ ಕಣ್ಣು ಮಾತ್ರ ಬಿಡ್ತಾರೆ. ಮಧ್ಯಾಹ್ನದಿಂದ ಮೂತ್ರ ಆಗಿಲ್ಲ. ಉಸಿರು ಎಣಿಸಿದೆ, 28 ಬಂತು." ಇಷ್ಟು ಹೇಳಿದರೆ ನಾನು ಕೈಯಲ್ಲಿರುವುದನ್ನು ಬಿಟ್ಟು ಬರುತ್ತೇನೆ.

ಹೇಳಿದರೂ ಯಾರೂ ಬರದಿದ್ದರೆ?

ಹದಿನೈದು ನಿಮಿಷ ನೋಡಿ ಮತ್ತೆ ಹೋಗಿ. ಆಮೇಲೆ "ಡ್ಯೂಟಿ ಡಾಕ್ಟರ್ ಯಾರು, ಅವರನ್ನ ಕರೀತೀರಾ, ನಾನು ಇಲ್ಲೇ ನಿಂತಿರ್ತೀನಿ" ಅನ್ನಿ. ಅದೂ ಆಗದಿದ್ದರೆ ನರ್ಸಿಂಗ್ ಸೂಪರಿಂಟೆಂಡೆಂಟ್, ರಾತ್ರಿಯ ಮೇಲ್ವಿಚಾರಕರು, ಇಲ್ಲವೇ ನಿಮ್ಮ ರೋಗಿಯನ್ನು ನೋಡುವ ಕನ್ಸಲ್ಟೆಂಟ್. ಎಷ್ಟು ಗಂಟೆಗೆ ಯಾರಿಗೆ ಹೇಳಿದಿರಿ ಅಂತ ಬರೆದಿಟ್ಟುಕೊಳ್ಳಿ. ರೋಗಿ ಕರೆದರೆ ಓಗೊಡುತ್ತಿಲ್ಲ, ಉಸಿರು ಸಿಕ್ಕಿಕೊಳ್ಳುತ್ತಿದೆ ಅಂದರೆ ಈ ಮೆಟ್ಟಿಲು ಯಾವುದೂ ಬೇಡ, ಕೂಗಿ.

ಸಿಟ್ಟಿನ ಕೂಗಾಟ, ಕೈ ಮಾಡುವುದು ಬೇಡ. ಗಲಾಟೆಯಲ್ಲಿ ಎಲ್ಲರ ಗಮನ ರೋಗಿಯಿಂದ ಸರಿದು ಜಗಳದ ಕಡೆ ಹೋಗುತ್ತದೆ. ಆದರೆ ಇದನ್ನೂ ಹೇಳಬೇಕು: ರಾತ್ರಿ ಎರಡಕ್ಕೆ ನಡೆಯುವ ಎಷ್ಟೋ ಗಲಾಟೆ ಹತ್ತು ಗಂಟೆಗೆ ಯಾರೂ ಕಿವಿಗೊಡದೇ ಇದ್ದದ್ದರಿಂದ ಶುರುವಾಗಿರುತ್ತದೆ. ನಮ್ಮ ಕಡೆಯವರು ಇದನ್ನು ಒಪ್ಪಿಕೊಳ್ಳಬೇಕು.

ಡೆಂಗಿ ಆಗಿತ್ತು. ಜ್ವರ ಬಿಟ್ಟಿದೆ. ಇನ್ನು ಪರವಾಗಿಲ್ಲ ತಾನೇ?

ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತೇ ಕಷ್ಟದ ಹೊತ್ತು. ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ, ಮನೆಯವರು ಉಸ್ಸಪ್ಪಾ ಅನ್ನುತ್ತಾರೆ, ಆಗಲೇ ಕೆಲವರಲ್ಲಿ ರಕ್ತನಾಳದಿಂದ ನೀರು ಹೊರಗೆ ಸೋರಲು ಶುರುವಾಗುತ್ತದೆ. ಒಂದೆರಡು ದಿನ ಈ ಗಂಡಾಂತರ ಇರುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಸುಸ್ತಾಗಿ ಬಿದ್ದುಕೊಳ್ಳುವುದು ಇಲ್ಲವೇ ಸುಮ್ಮನೆ ಚಡಪಡಿಸುವುದು, ಕೈಕಾಲು ತಣ್ಣಗಾಗುವುದು, ಮೂತ್ರ ಕಮ್ಮಿಯಾಗುವುದು. ಇವು ಕಂಡರೆ ಆ ಕ್ಷಣವೇ ಹೇಳಿ.

ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುತ್ತಾರೆ. ಬಿಪಿಯ ಎರಡು ಸಂಖ್ಯೆಗಳ ನಡುವಿನ ಅಂತರವನ್ನೂ ಕೇಳಿ. 100ಕ್ಕೆ 84 ಅಂದರೆ ಮೇಲಿನದ್ದು ಸರಿ ಇರುವ ಹಾಗೆ ಕಾಣುತ್ತದೆ, ಆದರೆ ನಡುವೆ ಬರೀ 16. ಡೆಂಗಿಯಲ್ಲಿ ಆ ಅಂತರ 20 ಅಥವಾ ಅದಕ್ಕಿಂತ ಕಮ್ಮಿ ಆದರೆ ಶಾಕ್, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ಹೋಗದ ಸ್ಥಿತಿ, ಶುರುವಾಗಿದೆ ಅಂತ ಅರ್ಥ.

ಮಕ್ಕಳಿಗೂ ಇದೇ ಲೆಕ್ಕಾನಾ?

ಇಲ್ಲ. ಮಕ್ಕಳ ಉಸಿರೇ ಬೇರೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಮುಟ್ಟಿದರೆ ಜೋರು ಉಸಿರು ಅಂತ ಲೆಕ್ಕ, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷಕ್ಕೆ 40. ಮಗು ಅಳದೆ ಸುಮ್ಮನಿರುವಾಗ ಎಣಿಸಬೇಕು. ಉಸಿರು ಎಳೆದುಕೊಂಡಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಹಾಲು ಕುಡಿಯಲು ಆಗದಿದ್ದರೆ, ಸೂಜಿ ಚುಚ್ಚಿದರೂ ಅಳದಷ್ಟು ಸುಸ್ತಾಗಿದ್ದರೆ ಎಣಿಕೆಗೂ ಕಾಯಬೇಡಿ. ಮಕ್ಕಳು ಬಹಳ ಹೊತ್ತು ತಡೆದುಕೊಂಡು ಒಮ್ಮೆಲೇ ಕುಸಿಯುತ್ತಾರೆ.

ಬಾಣಂತಿಯರಲ್ಲಿ ಏನು ನೋಡಬೇಕು?

ರಕ್ತಸ್ರಾವ. ಹೆರಿಗೆಯಾದ ಮೇಲೆ ಎಲ್ಲರ ಕಣ್ಣೂ ಮಗುವಿನ ಮೇಲೆ, ತಾಯಿ ಒಬ್ಬಳೇ ಮಲಗಿರುತ್ತಾಳೆ. ಒಬ್ಬರಾದರೂ ಅವಳ ಹತ್ತಿರ ಇರಿ. ಪ್ಯಾಡ್ ಎಷ್ಟು ಬೇಗ ನೆನೆಯುತ್ತಿದೆ ನೋಡಿ, ತೆಗೆದದ್ದನ್ನು ಎಸೆಯದೆ ನರ್ಸಿಗೆ ತೋರಿಸಿ. ಇವರಲ್ಲೂ ಬಿಪಿ ಕೊನೆಗೆ ಬೀಳುತ್ತದೆ, ನಾಡಿ ಮೊದಲು ಏರುತ್ತದೆ. ನಾಡಿಯ ಸಂಖ್ಯೆ ಮೇಲಿನ ಬಿಪಿಯ ಹತ್ತಿರ ಹತ್ತಿರ ಬರುತ್ತಿದೆ ಅಂದರೆ, ಉದಾಹರಣೆಗೆ ನಾಡಿ 110, ಬಿಪಿ 112, ಅದು ಅಪಾಯದ ಗಂಟೆ. ತಲೆ ಸುತ್ತು, ಬಾಯಾರಿಕೆ, ಬೆವರು, "ಏನೋ ಆಗ್ತಿದೆ ಅಮ್ಮ" ಅನ್ನುವ ಮಾತು, ಇವನ್ನು ಹೆರಿಗೆಯ ಸುಸ್ತು ಅಂತ ತಳ್ಳಿ ಹಾಕಬೇಡಿ.

ಅಜ್ಜನಿಗೆ ಜ್ವರ ಇಲ್ಲ, ಸೋಂಕು ಇರಲಾರದು ಅಲ್ವಾ?

ಇರಬಹುದು. ವಯಸ್ಸಾದವರಲ್ಲಿ ಜ್ವರ ಬರದೆಯೂ ಸೋಂಕು ಇರುತ್ತದೆ, ಮೈ ತಣ್ಣಗೂ ಆಗಬಹುದು. ಬಿಪಿಗೋ ಹೃದಯಕ್ಕೋ ಕೊಡುವ ಕೆಲವು ಮಾತ್ರೆಗಳು ನಾಡಿಯನ್ನು ಏರಲು ಬಿಡುವುದಿಲ್ಲ, ಹಾಗಾಗಿ ಅದೂ ಸುಳಿವು ಕೊಡುವುದಿಲ್ಲ. ಅವರಲ್ಲಿ ಮೊದಲು ಕಾಣುವುದು ಬುದ್ಧಿಯ ಬದಲಾವಣೆ. ನಿನ್ನೆ ಮೊಮ್ಮಗನ ಹೆಸರು ಹೇಳಿದವರು ಇವತ್ತು ಹೇಳುತ್ತಿಲ್ಲ, ಆಸ್ಪತ್ರೆಯನ್ನು ಊರ ಮನೆ ಅಂದುಕೊಂಡು "ದನ ಒಳಗೆ ಕಟ್ಟಿದ್ಯಾ?" ಅಂತ ಕೇಳುತ್ತಾರೆ. "ವಯಸ್ಸಾಯ್ತು, ಅರಳು ಮರಳು" ಅಂತ ನಾವೂ ಹೇಳಿಬಿಡುತ್ತೇವೆ. ಹೊಸದಾಗಿ ಬಂದ ಗೊಂದಲಕ್ಕೆ ನ್ಯೂಸ್ 2 ಪಟ್ಟಿಯಲ್ಲಿ ನೇರವಾಗಿ 3 ಅಂಕ ಇದೆ.

ಎಲ್ಲರಿಗೂ ಮಾನಿಟರ್ ಹಾಕಿಬಿಟ್ಟರೆ ಆಗಲ್ವಾ?

ಹಾಸಿಗೆಯ ಕೆಳಗಿಟ್ಟು ಉಸಿರು, ಎದೆಬಡಿತ ಎಣಿಸುವ ಸೆನ್ಸರುಗಳು ಬಂದಿವೆ. ಬೆಂಗಳೂರಿನ ಡೋಜಿ ಅನ್ನುವ ಕಂಪನಿಯೇ ಅಂಥದ್ದನ್ನು ಮಾಡುತ್ತದೆ. ಎಣಿಸದೆ 20 ಬರೆಯುವ ಕಾಯಿಲೆಗೆ ಇದು ಒಳ್ಳೆ ಔಷಧ ಅಂತ ನನಗೆ ಅನ್ನಿಸುತ್ತದೆ. ಆದರೆ ದಿನವಿಡೀ ಕೂಗುವ ಅಲಾರಂ ಯಾರ ಕಿವಿಗೂ ಬೀಳದ ಹಾಗಾಗುತ್ತದೆ. ಕೂಗಿದಾಗ ಎದ್ದು ಹೋಗಲು ಒಬ್ಬ ಮನುಷ್ಯ ಬೇಕೇ ಬೇಕು.

ಕಾಯಿಲೆ ಕೊನೆ ಹಂತ ಮುಟ್ಟಿದೆ. ಅವರಿಗೆ ಐಸಿಯು, ವೆಂಟಿಲೇಟರ್ ಬೇಡ ಅನ್ನಿಸಿದರೆ?

ಅದನ್ನು ಹಗಲು ಹೊತ್ತಿನಲ್ಲಿ, ಸಮಾಧಾನವಾಗಿ, ಅವರಿಗೆ ಮಾತಾಡುವ ಶಕ್ತಿ ಇರುವಾಗಲೇ ಡಾಕ್ಟರ್ ಜೊತೆ ಕೂತು ಮಾತಾಡಿ. ತಂಡ ಓಡಿ ಬಂದು ಬೆಡ್ ಸುತ್ತ ನಿಂತಾಗ ಅಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು, 2023ರಲ್ಲಿ ಅದರ ಕ್ರಮವನ್ನು ಸರಳ ಮಾಡಿತು, ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ತನಗೆ ಯಾವ ಚಿಕಿತ್ಸೆ ಬೇಡ ಅಂತ ಮುಂಚೆಯೇ ಬರೆದಿಡಬಹುದು. ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸಲು ಡಾಕ್ಟರುಗಳ ಎರಡು ಮಂಡಳಿಗಳು ಒಪ್ಪಬೇಕು. ವೆಂಟಿಲೇಟರ್ ಬೇಡ ಅಂದರೆ ಆರೈಕೆ ಬೇಡ ಅಂತಲ್ಲ. ನೋವಿಗೆ ಔಷಧ, ಉಸಿರಿನ ಸಂಕಟಕ್ಕೆ ಔಷಧ, ಬಾಯಿ ಒಣಗದ ಹಾಗೆ ಒದ್ದೆ ಬಟ್ಟೆ, ಇದನ್ನೆಲ್ಲ ಕೊನೆಯ ಗಳಿಗೆಯವರೆಗೂ ಮಾಡುತ್ತೇವೆ.

ಇವತ್ತು ರಾತ್ರಿ ನಾನೇ ಜೊತೆಗಿರ್ತೀನಿ. ಏನು ಮಾಡಲಿ?

ಮಲಗಿ, ನಿಮಗೂ ನಿದ್ದೆ ಬೇಕು. ಮಲಗುವ ಮುಂಚೆ ಒಮ್ಮೆ ಉಸಿರು ಎಣಿಸಿ, ಒಮ್ಮೆ ಮಾತಾಡಿಸಿ, ಅಂಗೈ ಅಂಗಾಲು ಬೆಚ್ಚಗಿದೆಯಾ ಮುಟ್ಟಿ ನೋಡಿ. ಮಧ್ಯೆ ಎಚ್ಚರವಾದರೆ ಇನ್ನೊಮ್ಮೆ. ಮೂತ್ರದ ಚೀಲ ಹಾಕಿದ್ದರೆ ಅದರ ಮೇಲೆ ಗೆರೆಗಳಿರುತ್ತವೆ, ರಾತ್ರಿ ಎಲ್ಲಿತ್ತು ನೋಡಿಟ್ಟುಕೊಳ್ಳಿ. 60 ಕೆಜಿ ತೂಕದವರಿಗೆ ಗಂಟೆಗೆ 30 ಎಂಎಲ್ ಆದರೂ ಬರಬೇಕು, ನಾಲ್ಕು ಗಂಟೆಯಾದರೂ ಗೆರೆ ಏರಿಲ್ಲ ಅಂದರೆ ಎಬ್ಬಿಸಿ ಹೇಳುವಷ್ಟು ದೊಡ್ಡ ವಿಷಯ ಅದು. ಒಂದು ಹಳೇ ನೋಟ್ ಬುಕ್ಕಿನಲ್ಲಿ ಗಂಟೆ ಹಾಕಿ ಇದನ್ನೆಲ್ಲ ಬರೆಯಿರಿ, ಎಷ್ಟು ತಿಂದರು ಅನ್ನುವುದನ್ನೂ. ಬೆಳಗ್ಗೆ ತಮ್ಮ ಬಂದು ನಿಮ್ಮನ್ನು ಬಿಡಿಸಿದಾಗ ಚಹಾ ಫ್ಲಾಸ್ಕಿನ ಜೊತೆ ಆ ಬುಕ್ಕನ್ನೂ ಅವನ ಕೈಗೆ ಕೊಟ್ಟು ಹೋಗಿ.